ಹಾರ್ಲನ್ ಕಥೆಯ ಎರಡನೆಯ ಭಾಗ

ಈ ಸಲ ಮಗಳಿರುವ ದೂರದೇಶದ ಹೆಂಡರ್ಸನ್‌ಗೆ ಬಂದ ಮೂರನೆಯ ದಿನ, ಬೆಳಗಿನ ನಡಿಗೆ ಮುಗಿಸಿ ಮನೆಯ ತಿರುವಿಗೆ ಬಂದಾಗ, ಪಕ್ಕದ ಮನೆಯ ಬೇಲಿಯ ಕೆಳಗೆ ಫೀಜೋವಾ ಹಣ್ಣು ಉದುರಿ ಬಿದ್ದಿತ್ತು. ಹಸಿರು ಕೋಳಿಮೊಟ್ಟೆಯಂಥ ಹಣ್ಣು, ನಮ್ಮ ಸೀಬೆಯ ದೂರದ ನಂಟು. ಬಣ್ಣ ನೋಡಿ ಅದು ಮಾಗಿದೆಯೇ ಎಂದು ಹೇಳಲು ಬರುವುದಿಲ್ಲ. ತಾನಾಗಿ ನೆಲಕ್ಕೆ ಬಿದ್ದರೆ ಮಾಗಿತೆಂದು ತಿಳಿಯಬೇಕು. ಬಿದ್ದ ಮೊದಲೆರಡು ದಿನ ಒಳ್ಳೆಯ ಪರಿಮಳ. ಆಮೇಲೆ ಅದೇ ಪರಿಮಳ ಮಿತಿ ಮೀರಿ, ಸಿಹಿ ಯಾವುದು ಕೊಳೆತದ್ದು ಯಾವುದು ಎಂದು ಬೇರೆ ಮಾಡಲಾಗದ ಹಾಗೆ ಮೂಗಿಗೆ ಹತ್ತುತ್ತದೆ. ನನಗೆ ಬಡಿದದ್ದು ಆ ವಾಸನೆ. ನಿಂತೆ. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಬಾಗಿಲಿಗೆ ಬಂದ ಹೆಂಗಸು, ಬೇಕಾದರೆ ಆರಿಸಿಕೊಳ್ಳಿ ಎಂದು ಕೈಸನ್ನೆ ಮಾಡಿದಳು. ನಾನು ಅವಳ ಮುಖಕ್ಕಿಂತ ಮೊದಲು ಅವಳ ಪಾದ ನೋಡಿದೆ. ಎರಡೂ ಚೆನ್ನಾಗಿದ್ದವು.

ಈ ಅಭ್ಯಾಸ ಅಂಟಿದ್ದು ಆರು ವರ್ಷದ ಹಿಂದೆ, 2013ರಲ್ಲಿ. ಮಗಳು ರೂಪಾ ಇಲ್ಲಿ ರಸ್ತೆ, ಚರಂಡಿಗಳ ನಕ್ಷೆ ಮಾಡುವ ಎಂಜಿನಿಯರ್. ಅವಳೊಡನೆ ಆರು ತಿಂಗಳು ಇದ್ದು ಹೋಗಲೆಂದು ಫೆಬ್ರವರಿಯಲ್ಲಿ ಮೈಸೂರಿನಿಂದ ಬಂದಿದ್ದೆ. ಅಷ್ಟು ಹೊತ್ತಿಗೆ ನಾನು ನಿವೃತ್ತಳಾಗಿ ಎಂಟು ವರ್ಷ. ಅದಕ್ಕೆ ಮೊದಲು ಮೂವತ್ತಾರು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸು, ವಾರ್ಡಿನ ಸಿಸ್ಟರ್, ಕೊನೆಗೆ ಮೇಟ್ರನ್. ನಾವು ಕಲಿತ ಹಾಸ್ಟೆಲಿನಲ್ಲಿ ನಾಲ್ಕೂವರೆಗೆ ಗಂಟೆ ಹೊಡೆಯುತ್ತಿತ್ತು. ಹಾಸಿಗೆಯ ಬಟ್ಟೆಯ ಒಂದು ಮೂಲೆ ಓರೆಯಾಗಿದ್ದರೂ ಇಡೀ ಹಾಸಿಗೆ ಕಿತ್ತು ಮತ್ತೆ ಹಾಸಬೇಕಿತ್ತು. ಗಂಟೆ ಹೊಡೆಯುವವರು ಇಲ್ಲದಿದ್ದರೂ ನಾನು ಈಗಲೂ ನಾಲ್ಕೂವರೆಗೇ ಏಳುತ್ತೇನೆ.

ರೂಪಾ ಏಳೂವರೆಗೆ ಹೊರಟರೆ ಬರುವುದು ಸಂಜೆ ಆರಕ್ಕೆ. ಹನ್ನೆರಡೂವರೆಗೆ ನನ್ನ ಊಟ ಮುಗಿದರೆ ಮುಂದಿನ ಹೊತ್ತೆಲ್ಲ ಖಾಲಿ. ಖಾಲಿ ಹೊತ್ತು ನನಗೆ ಒಗ್ಗುವುದಿಲ್ಲ. ಹಾಗಾಗಿ ಮಾರ್ಚ್ ಕೊನೆಯಲ್ಲಿ ಫೀಜೋವಾ ಉದುರತೊಡಗಿದಾಗ, ನಮ್ಮ ಕಡೆ ಬಿದ್ದದ್ದನ್ನು ಬಕೆಟ್ಟಿಗೆ ಆರಿಸಿ ಬೇಲಿಯಾಚೆ ಇಡುವುದನ್ನು ಕೆಲಸ ಮಾಡಿಕೊಂಡೆ. ಗಿಡದ ಬುಡ ಪಕ್ಕದ ಮನೆಯವರದು. ಹಣ್ಣೂ ಅವರದೇ ತಾನೆ. ಪಕ್ಕದ ಮನೆಯ ಮುದುಕರು ಅದೇ ಬಕೆಟ್ಟನ್ನು ತುಂಬಿದ್ದ ಹಾಗೇ ನಮ್ಮ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದರು. ಬಕೆಟ್ಟು ಹೀಗೆ ಮೂರು ದಿನ ಓಡಾಡಿತು. ನಾಲ್ಕನೆಯ ದಿನ ಅವರು ಬೇಲಿಯ ಸಂದಿನಲ್ಲಿ ನಿಂತು, ನಾವಿಬ್ಬರೂ ಹಟಮಾರಿಗಳು, ಒಳಗೆ ಬನ್ನಿ, ಚಹಾ ಕುಡಿಯುತ್ತ ತೀರ್ಮಾನ ಮಾಡೋಣ ಎಂದರು.

ಅವರ ಹೆಸರು ಲೆನ್. ಎಪ್ಪತ್ತೆಂಟು ವರ್ಷ. ಬದುಕೆಲ್ಲ ಕುರಿ, ದನ ಸಾಗಿಸುವ ಲಾರಿ ಓಡಿಸಿದವರು. ಹೆಂಡತಿ ಜೋನ್ ತೀರಿಕೊಂಡು ಐದು ವರ್ಷವಾಗಿತ್ತು. ಒಬ್ಬಳೇ ಮಗಳು ಶ್ಯಾರನ್ ಈ ದ್ವೀಪದ ಇನ್ನೊಂದು ತುದಿಯಲ್ಲಿ, ಪೊರಿರುವಾದಲ್ಲಿ ಇದ್ದಳು. ಬರೀ ಲೆನ್ ಎನ್ನಿ ಎಂದು ಅವರು ಎಷ್ಟು ಹೇಳಿದರೂ ನನ್ನ ಬಾಯಿಗೆ ಅದು ಬರಲಿಲ್ಲ, ಮಿಸ್ಟರ್ ಲೆನ್ ಎಂದೇ ಕರೆದೆ. ನನ್ನ ಕೆಲಸ ಕೇಳಿ ತಿಳಿದ ಮೇಲೆ ಅವರೂ ನನ್ನನ್ನು ಸಿಸ್ಟರ್ ಎಂದೇ ಕರೆದರು. ಅವರ ಇಂಗ್ಲಿಷನ್ನು ಇಲ್ಲಿ ನನ್ನ ಕನ್ನಡದಲ್ಲೇ ಹೇಳುತ್ತೇನೆ.

ಮಧ್ಯಾಹ್ನ ಎರಡಕ್ಕೆ ಟಿ.ವಿ.ಯಲ್ಲಿ ಹಳೆಯದೊಂದು ಧಾರಾವಾಹಿ ಮತ್ತೆ ಹಾಕುತ್ತಿದ್ದರು. ಅಮೆರಿಕದ ಪಶ್ಚಿಮದ ಬಯಲುಸೀಮೆ, ದೂಳಿನ ಒಂದೇ ಬೀದಿಯ ಊರು, ಆ ಊರಿನ ಶಾಂತಿ ಕಾಯುವ ಶೆರಿಫ್, ಒಬ್ಬ ಡಾಕ್ಟರ್, ದಿನಕ್ಕೊಬ್ಬ ಹೊಸ ಕೇಡಿಗ. ಎರಡಕ್ಕೆ ಹದಿನೈದು ನಿಮಿಷ ಇರುವಾಗ ಲೆನ್ ಕೋಲಿನಿಂದ ಬೇಲಿಯ ಗೂಟಕ್ಕೆ ಎರಡು ಸಲ ಬಡಿಯುತ್ತಿದ್ದರು. ನಾನು ಹೆಣಿಗೆಯ ಚೀಲ ಹಿಡಿದು ಹೋಗುತ್ತಿದ್ದೆ. ಅವರು ಸಮಯಕ್ಕೆ ಸರಿಯಾಗಿ ಬಡಿಯುತ್ತಿದ್ದರೆಂಬ ಕಾರಣಕ್ಕೇ ನನಗೆ ಆ ಮನುಷ್ಯ ಹಿಡಿಸಿದರು.

ಕಥೆಯಲ್ಲಿ ನಾನು ನೋಡುತ್ತಿದ್ದದ್ದು ಡಾಕ್ಟರನ್ನು. ಗುಂಡು ತೆಗೆಯುವ ಮೊದಲು ಅವನು ಕೈ ತೊಳೆಯುತ್ತಿದ್ದ, ಅದು ಸರಿ. ಆದರೆ ನಿನ್ನೆಯ ರಕ್ತದ ಏಪ್ರನ್ನನ್ನೇ ಇವತ್ತೂ ಕಟ್ಟಿರುತ್ತಿದ್ದ. ಅವನು ಪಟ್ಟಿ ಕಟ್ಟುವ ರೀತಿಗೆ ನನ್ನ ಮೊದಲ ವರ್ಷದ ಹುಡುಗಿಯರೂ ಬೈಸಿಕೊಳ್ಳುತ್ತಿದ್ದರು ಎಂದಾಗ ಲೆನ್ ಚಹಾ ಚೆಲ್ಲಿಕೊಂಡು ನಕ್ಕರು. ಈ ಧಾರಾವಾಹಿ ಮೊದಲು ಬಂದ ಕಾಲದಲ್ಲಿ ಅವರು ನೋಡಿದವರಲ್ಲ, ವಾರವೆಲ್ಲ ಲಾರಿಯಲ್ಲಿ ದಾರಿಯ ಮೇಲೆ. ಜೋನ್ ನೋಡಿ, ಭಾನುವಾರ ಊಟದ ಮೇಜಿನಲ್ಲಿ ಕಥೆ ಹೇಳುತ್ತಿದ್ದಳಂತೆ.

"ಜೋನ್ ಹೇಳಿದ ಕಥೆಯಲ್ಲಿ ಒಬ್ಬನೂ ಸಾಯುತ್ತಿರಲಿಲ್ಲ ಸಿಸ್ಟರ್" ಎಂದರು ಒಮ್ಮೆ. "ಈಗ ನೋಡುತ್ತಿದ್ದೇನೆ. ಅವಳು ಬದುಕಿಸಿದವರೆಲ್ಲ ದಿನಕ್ಕಿಬ್ಬರಂತೆ ಸಾಯುತ್ತಿದ್ದಾರೆ."

ಮೇ ತಿಂಗಳು ಬಂತು. ಇಲ್ಲಿ ಅದು ಹಣ್ಣಿನ ಕೊನೆ, ಚಳಿಗಾಲದ ಮೊದಲು. ಅವರ ಕೋಣೆಯಲ್ಲಿ ಫೀಜೋವಾ ತುಂಬಿದ ಎರಡು ಬಟ್ಟಲು ಸದಾ ಇರುತ್ತಿದ್ದವು. ಒಂದು ಸೋಮವಾರ ಒಳಗೆ ಹೋದಾಗ ವಾಸನೆ ಹೆಚ್ಚಾಗಿತ್ತು. ಹಣ್ಣು ಕೊಳೆತಿದೆ, ಎಸೆಯಿರಿ ಎಂದೆ. ಎಸೆದರು. ಮಂಗಳವಾರವೂ ವಾಸನೆ ಇತ್ತು. ಬಟ್ಟಲನ್ನು ನಾನೇ ಬಿಸಿನೀರಿನಲ್ಲಿ ತೊಳೆದಿಟ್ಟು, ಕಿಟಕಿ ತೆರೆದು ಬಂದೆ. ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ನನಗೆ ಗೊತ್ತಿತ್ತು. ಮಾತ್ರೆಯ ಡಬ್ಬಿ ಕಿಟಕಿಯ ಅಂಚಿನಲ್ಲೇ ಇತ್ತು. ಎಡಗಾಲನ್ನು ಸ್ವಲ್ಪ ಎಳೆದು ಹಾಕುವುದನ್ನೂ ನೋಡಿದ್ದೆ. ಮೂವತ್ತಾರು ವರ್ಷ ಮೂಗಿನಿಂದಲೇ ವಾರ್ಡು ನೋಡಿದವಳು ನಾನು. ಆ ವಾಸನೆಯನ್ನು ಎರಡು ದಿನ ಹಣ್ಣಿನ ಮೇಲೆ ಹಾಕಿ ಸುಮ್ಮನಾದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಬುಧವಾರದ ಕಥೆ ಎರಡು ಭಾಗದ್ದು, ಅಂದು ಮೊದಲನೆಯದು. ಹಾರ್ಲನ್ ಎಂಬ ವಯಸ್ಸಾದ ದನಗಾಹಿ ದೊಡ್ಡ ಹಿಂಡನ್ನು ಹೊಡೆದುಕೊಂಡು ಬರುತ್ತಾನೆ. ಹೊಳೆ ದಾಟುವಾಗ ಗಾಡಿಯ ಚಕ್ರ ಅವನ ಕಾಲ ಮೇಲೆ ಹರಿಯುತ್ತದೆ. ಹಿಂಡು ಆಚೆ ದಡದಲ್ಲೇ ಉಳಿಯುತ್ತದೆ, ಏಕೆಂದರೆ ನೀರು ಎಲ್ಲಿ ಆಳವಿಲ್ಲ ಎಂಬುದು ಗೊತ್ತಿರುವವನು ಅವನೊಬ್ಬನೇ. ಅವನನ್ನು ಊರಿಗೆ ತಂದು ಮೇಜಿನ ಮೇಲೆ ಮಲಗಿಸುತ್ತಾರೆ. ದೂರದ ಊರಲ್ಲಿ ಮಗಳಿದ್ದಾಳೆ, ಅವಳಿಗೆ ಹೇಳಬೇಡಿ ಎನ್ನುತ್ತಾನೆ. ಡಾಕ್ಟರ್ ಅವನ ಬೂಟನ್ನು ಕತ್ತರಿಯಿಂದ ಸೀಳಿ ತೆಗೆದ.

ಆ ಹೊತ್ತಿಗೇ ನನಗೆ ವಾಸನೆ ಬಂತು. ಬಟ್ಟಲು ಖಾಲಿ ಇತ್ತು. ನಾನು ಟಿ.ವಿ. ಬಿಟ್ಟು ಕೆಳಗೆ ನೋಡಿದೆ. ಲೆನ್ ಅವರ ಎಡಗಾಲಿನ ಉಣ್ಣೆಯ ಕಾಲುಚೀಲದ ತುದಿ ಒದ್ದೆಯಾಗಿ ಕಂದಿತ್ತು.

ಹೆಣಿಗೆ ಕೆಳಗಿಟ್ಟು, ಕಾಲುಚೀಲ ತೆಗೆಯಿರಿ ಎಂದೆ. ಕಥೆ ಮುಗಿಯಲಿ ಎಂದರು. ಈಗಲೇ ಎಂದೆ. ವಾರ್ಡಿನಲ್ಲಿ ಆ ದನಿ ಕೇಳಿದ ಯಾರೂ ಎರಡನೆಯ ಸಲ ವಾದಿಸಿದ್ದಿಲ್ಲ. ಅವರೂ ವಾದಿಸಲಿಲ್ಲ. ಎರಡು ಬೆರಳು ಕಪ್ಪಾಗಿದ್ದವು. ಪಾದ ಊದಿತ್ತು, ಕೆಂಪು ಬಣ್ಣ ಕಾಲ ಗಿಣ್ಣಿನವರೆಗೆ ಏರಿತ್ತು. ಮೂರು ವಾರದ ಹಿಂದೆ ಒಂದು ಮೊಳೆ ತುಳಿದಿದ್ದರಂತೆ. ನೋವೇ ಆಗಲಿಲ್ಲವಲ್ಲ ಎಂದು ಬಿಟ್ಟಿದ್ದರಂತೆ. ನೋವಾಗದ ಕಾಲಿಗೇ ನಾನು ಹೆದರುವುದು. ಇವತ್ತೇ ಆಸ್ಪತ್ರೆಗೆ ಹೋಗಬೇಕು ಎಂದೆ. ಅವರು ಟಿ.ವಿ.ಯ ಕಡೆ ಕೈ ತೋರಿಸಿದರು.

ಅಲ್ಲಿ ದೀಪದ ಬೆಳಕಿನಲ್ಲಿ ಡಾಕ್ಟರ್ ಗರಗಸವನ್ನು ಕುದಿಯುವ ನೀರಿಗೆ ಹಾಕಿದ್ದ. ಹೊತ್ತು ಹುಟ್ಟುವುದರೊಳಗೆ ಕಾಲು ತೆಗೆಯದಿದ್ದರೆ ಮನುಷ್ಯ ಉಳಿಯುವುದಿಲ್ಲ ಎನ್ನುತ್ತಿದ್ದ. ಮಲಗಿದ್ದ ಹಾರ್ಲನ್ ಪಿಸ್ತೂಲು ಎತ್ತಿ ಡಾಕ್ಟರ ಎದೆಗೆ ಗುರಿಯಿಟ್ಟ. ಅದರ ಕೀಲನ್ನು ಹಿಂದಕ್ಕೆಳೆದ ಸದ್ದು ಕೇಳಿತು. ಟಿ.ವಿ.ಯವರು ಅಲ್ಲಿಗೆ ನಿಲ್ಲಿಸಿ, ಉಳಿದದ್ದು ನಾಳೆ ಎಂದರು.

ನಮ್ಮ ಅಜ್ಜ ಶ್ರಾವಣದಲ್ಲಿ ಜಗಲಿಯ ಮೇಲೆ ಪುರಾಣ ಓದುತ್ತಿದ್ದರು. ಅವರದೊಂದು ನಿಯಮವಿತ್ತು. ಸಾವಿನಲ್ಲಿ, ಯುದ್ಧದಲ್ಲಿ, ಅಗಲಿಕೆಯಲ್ಲಿ ಓದು ನಿಲ್ಲಿಸಬಾರದು. ಎಷ್ಟು ಹೊತ್ತಾದರೂ ಸರಿ, ದೀಪದ ಎಣ್ಣೆ ತೀರಿದರೂ ಸರಿ, ಒಂದು ಒಳ್ಳೆಯ ಜಾಗಕ್ಕೆ ಬಂದೇ ಪುಸ್ತಕಕ್ಕೆ ದಾರ ಕಟ್ಟಬೇಕು. ಇಲ್ಲದಿದ್ದರೆ ಕೇಳಿದವರ ಮನೆಗೆ ಆ ಕಷ್ಟ ಹಿಂದೆಯೇ ಬರುತ್ತದೆ ಎನ್ನುತ್ತಿದ್ದರು. ನಾನು ಶಕುನ ನಂಬುವವಳಲ್ಲ. ಆದರೂ ಆ ಪಿಸ್ತೂಲಿನ ಸದ್ದಿನಲ್ಲಿ ಕಥೆ ನಿಂತದ್ದು ನನಗೆ ಸರಿಬರಲಿಲ್ಲ.

ಲೆನ್ ಕಾರಣ ಹೇಳಿದರು. ಅವರ ಅಣ್ಣನಿಗೂ ಹೀಗೇ ಆಗಿತ್ತಂತೆ. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮಂಡಿ. ಅಲ್ಲಿಂದ ನೇರ ಮುದುಕರ ಆಶ್ರಮ, ವರ್ಷದೊಳಗೆ ಗೋರಿ. ಅಣ್ಣ ಮನೆಯ ಬಾಗಿಲು ದಾಟಿದ್ದೇ ಕೊನೆ, ಮತ್ತೆ ಒಳಗೆ ಬರಲಿಲ್ಲ. "ನಾನು ಈ ಕುರ್ಚಿಯಿಂದ ಎದ್ದು ಹೋದರೆ ಈ ಮನೆಗೆ ವಾಪಸ್ ಬರುವುದಿಲ್ಲ ಸಿಸ್ಟರ್" ಎಂದರು. ದನಿ ಏರಿಸಲಿಲ್ಲ.

ನಾನು ಬಾಲ್ ಪೆನ್ನು ತೆಗೆದು, ಕಾಲ ಮೇಲೆ ಕೆಂಪು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಸುತ್ತಲೂ ಗೆರೆ ಎಳೆದು, ಮೂರು ಗಂಟೆ ಎಂದು ಬರೆದೆ. ಗೆರೆ ಇದ್ದಲ್ಲೇ ಇರುತ್ತದೆ. ಕೆಂಪು ಅದನ್ನು ದಾಟಿದರೆ ಎಷ್ಟು ದಾಟಿತೆಂದು ನಾಳೆ ಇಬ್ಬರೂ ನೋಡಬಹುದು. ಮನೆಗೆ ಬಂದು ರೂಪಾಗೆ ಫೋನ್ ಮಾಡಿ, ಅವಳಿಂದ ಆಂಬುಲೆನ್ಸಿಗೆ ಹೇಳಿಸಿದೆ. ಒಬ್ಬ ಹುಡುಗಿ, ಒಬ್ಬ ದೊಡ್ಡ ಆಳು ಬಂದರು. ತುಂಬ ಸೌಮ್ಯವಾಗಿ ಮಾತಾಡಿದರು. ಇವತ್ತು ಯಾವ ವಾರ, ಇದು ಯಾವ ಬೀದಿ, ಪ್ರಧಾನಿ ಯಾರು ಎಂದು ಕೇಳಿದರು. ಲೆನ್ ಎಲ್ಲಕ್ಕೂ ಸರಿಯುತ್ತರ ಕೊಟ್ಟು, ಬುದ್ಧಿ ಸರಿಯಿದೆ, ಕಾಲು ನನ್ನದು, ಬರುವುದಿಲ್ಲ ಎಂದು ಕಾಗದಕ್ಕೆ ಸಹಿ ಹಾಕಿದರು. ಬುದ್ಧಿ ಸರಿಯಿರುವವರನ್ನು ಎತ್ತಿಕೊಂಡು ಹೋಗುವ ಹಾಗಿಲ್ಲ, ಮನಸ್ಸು ಬದಲಾದರೆ ಯಾವ ಹೊತ್ತಿನಲ್ಲಾದರೂ ಕರೆಯಿರಿ ಎಂದು ಅವರು ಹೊರಟುಹೋದರು.

"ನನ್ನ ಮೇಲೆ ಶೆರಿಫನ್ನೇ ಬಿಟ್ಟಿರಲ್ಲ" ಎಂದರು ಲೆನ್. ಸಿಟ್ಟಿತ್ತು. ಸ್ವಲ್ಪ ಹೊತ್ತಾದ ಮೇಲೆ ಸಮಾಧಾನಕ್ಕೆ ಬಂದು ಹೇಳಿದರು: "ಹಾರ್ಲನ್ ಏನು ಮಾಡುತ್ತಾನೆ ನೋಡೋಣ. ನಾಳೆ ಮೂರು ಗಂಟೆಗೆ ಮತ್ತೆ ಕೇಳಿ. ಅಲ್ಲಿಯವರೆಗೆ ಕಾಲಿನ ಮಾತು ಬೇಡ."

ಅದು ತಮಾಷೆಯೆಂದುಕೊಂಡೆ. ಅವರ ಮುಖ ನೋಡಿದೆ. ತಮಾಷೆ ಇರಲಿಲ್ಲ. ಆಗಲಿ ಎಂದೆ.

ರೂಪಾ ಶ್ಯಾರನ್‌ಗೆ ಫೋನ್ ಮಾಡಿದಳು. ಶುಕ್ರವಾರ ಬೆಳಗಿನ ವಿಮಾನಕ್ಕೆ ಬರುತ್ತೇನೆ, ಅಪ್ಪ ನನ್ನ ಮಾತೂ ಕೇಳುವವನಲ್ಲ ಎಂದಳಂತೆ. ಫೋನ್ ಇಟ್ಟು, ತಟ್ಟೆ ತೊಳೆಯುತ್ತ ರೂಪಾ ನನ್ನ ಮೇಲೆ ತಿರುಗಿದಳು.

"ಅಮ್ಮ, ಸಾಕು. ನೀನು ಇಲ್ಲಿ ಮೇಟ್ರನ್ ಅಲ್ಲ, ವಿಸಿಟರ್ರು. ಇಲ್ಲಿ ಹಂಗೆಲ್ಲ ಇನ್ನೊಬ್ರ ಮೈ ವಿಷ್ಯಕ್ಕೆ ಕೈ ಹಾಕಂಗಿಲ್ಲ."

"ಅವರಿಗೆ ಶುಕ್ರವಾರದವರೆಗೆ ಹೊತ್ತಿಲ್ಲ ಕಣೆ" ಎಂದೆ. ಅವಳು ತಟ್ಟೆ ತೊಳೆಯುವುದನ್ನು ನಿಲ್ಲಿಸಿದಳು.

ಗುರುವಾರ ನಾಲ್ಕೂವರೆಗೆ ಎದ್ದಾಗ ಗಾಳಿ ಶುರುವಾಗಿತ್ತು. ಎಂಟಕ್ಕೆ ಬೇಲಿ ದಾಟಿ ಹೋದೆ. ಲೆನ್ ರಾತ್ರಿ ಕುರ್ಚಿಯಲ್ಲೇ ಮಲಗಿದ್ದರು. ಕೆಂಪು ನನ್ನ ಗೆರೆಯನ್ನು ಮೂರು ಬೆರಳಿನಷ್ಟು ದಾಟಿತ್ತು. ಹೊಸ ಗೆರೆ ಎಳೆದು ಎಂಟು ಗಂಟೆ ಎಂದು ಬರೆದೆ. ಮೈ ಬಿಸಿಯಿತ್ತು. ಹನ್ನೊಂದಕ್ಕೆ ಮತ್ತೆ ಹೋದೆ. ಇನ್ನೊಂದು ಗೆರೆ. ಅವರು ಗೆರೆಗಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕಾಲಿನ ಮಾತು ಎತ್ತಲಿಲ್ಲ. ಕೊಟ್ಟ ಮಾತೆಂದರೆ ಮಾತು, ಮೂರು ಗಂಟೆಯವರೆಗೆ. ಗಂಜಿ ಕುಡಿಸಿದೆ, ನೀರು ಕುಡಿಸಿದೆ, ನಾಡಿ ಎಣಿಸಿದೆ. ನೂರ ಹನ್ನೆರಡು. ಹೊರಗೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು, ಹಿತ್ತಿಲಲ್ಲಿ ಉಳಿದ ಹಣ್ಣೆಲ್ಲ ಒಟ್ಟಿಗೆ ಉದುರುತ್ತಿತ್ತು. ಹಿಂಬಾಗಿಲ ಮೆಟ್ಟಿಲ ಮೇಲೆ ಅವರ ರಬ್ಬರ್ ಗಮ್‌ಬೂಟು ನೆನೆಯುತ್ತಿದ್ದವು.

ಒಂದೂ ಮುಕ್ಕಾಲಿಗೆ ನನ್ನ ಕುರ್ಚಿಯಲ್ಲಿ ಕುಳಿತೆ. ಎರಡಕ್ಕೆ ಐದು ನಿಮಿಷ ಇರುವಾಗ ಎಲ್ಲೋ ದೂರದಲ್ಲಿ ಧಡ್ ಎಂದಿತು. ಟಿ.ವಿ. ಕಪ್ಪಾಯಿತು. ಹೀಟರು ನಿಂತಿತು. ಕಿಟಕಿಯಿಂದ ನೋಡಿದೆ, ಬೀದಿಯ ಯಾವ ಮನೆಯಲ್ಲೂ ದೀಪವಿಲ್ಲ.

ಲೆನ್ ರಿಮೋಟನ್ನು ಎರಡು ಸಲ ಒತ್ತಿ ಮಡಿಲಲ್ಲಿ ಇಟ್ಟುಕೊಂಡರು. "ಹಾಗಾದರೆ ಗೊತ್ತಾಗುವುದಿಲ್ಲ" ಎಂದರು. ಆ ದನಿಯಲ್ಲಿ ಒಂದು ಬಗೆಯ ಬಿಡುಗಡೆ ಇತ್ತು. ಅದಕ್ಕೇ ನಾನು ಹೆದರಿದೆ. ವಾರ್ಡಿನಲ್ಲಿ ಆ ದನಿ ಕೇಳಿದ ಮೇಲೆ ಮಂಚ ಖಾಲಿಯಾಗಲು ಹೆಚ್ಚು ದಿನ ಹಿಡಿಯುವುದಿಲ್ಲ.

ಅಡುಗೆಮನೆಗೆ ಹೋಗಿ ರೂಪಾಗೆ ಫೋನ್ ಮಾಡಿ, ಹಾರ್ಲನ್ ಏನಾದ ಎಂದು ಹುಡುಕಿ ಹೇಳು ಎಂದೆ. ಯಾವ ಹಾರ್ಲನ್ ಎಂದಳು. ಧಾರಾವಾಹಿಯ ಹೆಸರು ಹೇಳಿ, ಎರಡು ಭಾಗದ ಕಥೆ, ದನಗಾಹಿ, ಕಾಲು ಎಂದೆ. ಫೋನ್ ಹಿಡಿದೇ ಹುಡುಕಿದಳು.

"ಸತ್ತೋಗ್ತಾನಮ್ಮ" ಎಂದಳು. "ಕಾಲು ತೆಗ್ಯಕ್ಕೆ ಬಿಡಲ್ಲ. ಬೆಳಗಾಗೋ ಹೊತ್ಗೆ ಪಿಸ್ತೂಲು ಕೈಯಲ್ಲಿಟ್ಕೊಂಡೇ ಹೋಗ್ತಾನೆ. ಶೆರಿಫ್ ಬಂದು ಅವನ ಹ್ಯಾಟು ಮುಖದ ಮೇಲೆ ಇಡ್ತಾನೆ. ಅಷ್ಟೇ, ಮುಗೀತು." ಅವಳು ದನಿ ತಗ್ಗಿಸಿದಳು. "ಅಮ್ಮ, ಒಪ್ಕೊಂಡ ಅಂತ ಹೇಳ್ಬಿಡು. ಕಾಲು ತೆಗೆದ್ರು, ಬದುಕ್ದ ಅಂತ. ಕರೆಂಟೇ ಇಲ್ಲ, ಯಾರ್ ನೋಡ್ತಾರೆ?"

ಮಗಳು ಹೇಳಿದ್ದರಲ್ಲಿ ನ್ಯಾಯವಿತ್ತು. ಒಂದು ಸುಳ್ಳು, ಒಂದು ಜೀವ. ಕೆಟಲಿನ ಪಕ್ಕ ಎರಡು ನಿಮಿಷ ನಿಂತೆ. ರಾತ್ರಿ ಪಾಳಿಯ ವರದಿಯಲ್ಲಿ ಆಗದ್ದನ್ನು ಆಯಿತೆಂದು ಬರೆದವರನ್ನು ನಾನು ಕೆಲಸದಿಂದ ಕಳಿಸಿದ್ದೇನೆ. ಆದರೆ ನನ್ನನ್ನು ತಡೆದದ್ದು ಆ ನಿಯಮವಲ್ಲ. ನನಗೆ ಜೋನ್ ನೆನಪಾದಳು. ವರ್ಷಗಟ್ಟಲೆ ಭಾನುವಾರ ಭಾನುವಾರ ಅವಳು ಎಲ್ಲರನ್ನೂ ಬದುಕಿಸಿದ್ದಳು. ಆ ಸುಳ್ಳಿನ ರುಚಿ ಲೆನ್‌ಗೆ ಚೆನ್ನಾಗಿ ಗೊತ್ತು. ನಾನು ಅದೇ ಬಡಿಸಿದರೆ ಮೊದಲ ತುತ್ತಿಗೇ ಕಂಡುಹಿಡಿಯುತ್ತಿದ್ದರು. ಆಮೇಲೆ ನಾನು ಹೇಳುವ ಯಾವುದನ್ನೂ ನಂಬುತ್ತಿರಲಿಲ್ಲ, ಕಾಲಿನ ಗೆರೆಗಳನ್ನೂ.

ಒಳಗೆ ಹೋಗಿ ಕುರ್ಚಿಯನ್ನು ಅವರೆದುರಿಗೆ ಎಳೆದುಕೊಂಡು ಕುಳಿತೆ. ಮಗಳು ಓದಿ ಹೇಳಿದಳು, ಎರಡನೆಯ ಭಾಗ ನಾನು ಹೇಳುತ್ತೇನೆ ಎಂದೆ. ಅವರು ಕಂಬಳಿ ಎಳೆದುಕೊಂಡು ತಲೆಯಾಡಿಸಿದರು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಾರ್ಲನ್ ಬಿಡಲಿಲ್ಲ. ಜ್ವರ ಏರಿತು. ಪಿಸ್ತೂಲು ಕೆಳಗಿಡಲಿಲ್ಲ. ಹೊತ್ತು ಹುಟ್ಟುವಾಗ ಸತ್ತ. ಶೆರಿಫ್ ಬಂದು ಹ್ಯಾಟನ್ನು ಮುಖದ ಮೇಲೆ ಇಟ್ಟ.

ಲೆನ್ ಕಪ್ಪು ಟಿ.ವಿ.ಯನ್ನೇ ನೋಡಿದರು. "ಗಟ್ಟಿಗ" ಎಂದರು. "ಜೋನ್ ಆಗಿದ್ದರೆ ಬದುಕಿಸಿಬಿಡುತ್ತಿದ್ದಳು. ನೀವು ನಿಜ ಹೇಳಿದಿರಿ. ಸರಿ, ಅಲ್ಲಿಗೆ ಮುಗಿಯಿತು."

"ಮುಗಿದಿಲ್ಲ" ಎಂದೆ. ಅಜ್ಜನ ನಿಯಮ ಹೇಳಿದೆ. ಇಂಥ ಜಾಗದಲ್ಲಿ ನಿಲ್ಲಿಸುವ ಹಾಗಿಲ್ಲ, ಒಳ್ಳೆಯ ಜಾಗ ಸಿಗುವವರೆಗೆ ಮುಂದುವರಿಸಬೇಕು. ನಾನು ಹೇಳುತ್ತ ಹೋಗುತ್ತೇನೆ, ನೀವು ಕೇಳುತ್ತ ಹೋಗಿ.

ಹೇಳತೊಡಗಿದೆ. ಡಾಕ್ಟರ್ ಕುದಿಸಿದ ನೀರನ್ನು ಹೊರಗೆ ಚೆಲ್ಲಿದ. ಗರಗಸ ಸ್ವಚ್ಛವಾಗಿಯೇ ಇತ್ತು, ಒರೆಸಿ ಪೆಟ್ಟಿಗೆಗೆ ಹಾಕಿದ. ಮೇಜನ್ನು ತಿಕ್ಕಲು ಒಬ್ಬಳು ಹೆಂಗಸನ್ನು ಕರೆದರು. ಅವಳು ಮೂರು ಸಲ ತಿಕ್ಕಿದಳು, ವಾಸನೆ ಹೋಗಲಿಲ್ಲ. ನಾಲ್ಕನೆಯ ದಿನವೂ ಇತ್ತು. ಹೊದಿಕೆ ಸುಟ್ಟರು. ಒಂದು ಬೂಟು ಸೀಳಿತ್ತು, ಇನ್ನೊಂದು ಚೆನ್ನಾಗಿತ್ತು. ಒಂದೇ ಬೂಟನ್ನು ಯಾರು ಕೇಳುತ್ತಾರೆ? ಮೂಲೆಯಲ್ಲಿ ಬಿದ್ದಿತ್ತು. ಹಿಂಡು ಆಚೆ ದಡದಲ್ಲೇ ಕೂಗುತ್ತಿತ್ತು. ಅದನ್ನು ಈಚೆ ತರುವುದು ಹೇಗೆಂದು ಯಾರಿಗೂ ಗೊತ್ತಾಗಲಿಲ್ಲ. ಮಗಳಿಗೆ ಕಾಗದ ಬರೆಯಬೇಕು, ಯಾರು ಬರೆಯುವುದೆಂದು ಶೆರಿಫೂ ಡಾಕ್ಟರೂ ಒಬ್ಬರ ಮುಖ ಒಬ್ಬರು ನೋಡಿದರು.

ಇಷ್ಟನ್ನು ನಾನು ಕಟ್ಟಿ ಹೇಳಲಿಲ್ಲ. ಪ್ರತಿಯೊಂದೂ ನಾನು ಖಾಲಿ ಮಾಡಿಸಿದ ಯಾವುದೋ ಮಂಚದ್ದು. ಪ್ರತಿ ವಾಕ್ಯದ ಕೊನೆಗೂ ನಿಲ್ಲಿಸಲು ಒಂದು ಜಾಗ ಹುಡುಕಿದೆ. ಸಿಗಲಿಲ್ಲ. ಮುಂದುವರಿಸಿದೆ.

ಮಗಳು ಬಂದಳು. ಬಾಗಿಲು ತೆರೆದಳು. ಮೊದಲು ಕಿಟಕಿ ತೆರೆಯಬೇಕಾಯಿತು. ಮಾತ್ರೆಯ ಡಬ್ಬಿ ಇನ್ನೂ ಅರ್ಧ ಇತ್ತು. ಕುರ್ಚಿಯ ಮೇಲೆ ಕಂಬಳಿ, ಕಂಬಳಿಯ ಮೇಲೆ ರಿಮೋಟು. ನನಗೆ ಹೇಳಬೇಡಿ ಎಂದಿದ್ದನೇ ಎಂದು ಅವಳು ಪಕ್ಕದ ಮನೆಯವಳನ್ನು ಕೇಳಿದಳು. ಪಕ್ಕದ ಮನೆಯವಳು ಹೌದು ಎನ್ನಬೇಕಾಯಿತು. ಹಿಂಬಾಗಿಲ ಮೆಟ್ಟಿಲ ಮೇಲೆ ಗಮ್‌ಬೂಟಿತ್ತು. ಮಳೆ ನೀರು ತುಂಬಿತ್ತು. ಹಿತ್ತಿಲಲ್ಲಿ ಹಣ್ಣು ಬಿದ್ದು—

"ನಿಲ್ಲಿಸಿ ಸಿಸ್ಟರ್."

"ನಿಲ್ಲಿಸಲು ಬರುವುದಿಲ್ಲ" ಎಂದೆ. "ಒಳ್ಳೆಯ ಜಾಗ ಇನ್ನೂ ಸಿಕ್ಕಿಲ್ಲ."

ಗಾಳಿ ಮಾಡಿನ ತಗಡನ್ನು ಎತ್ತಿ ಎತ್ತಿ ಬಡಿಯುತ್ತಿತ್ತು. ಗೋಡೆಯ ಗಡಿಯಾರ ಸೆಲ್ಲಿನದು, ಅದೊಂದು ಓಡುತ್ತಿತ್ತು. ಮೂರಕ್ಕೆ ನಾಲ್ಕು ನಿಮಿಷ ಇತ್ತು. ಲೆನ್ ತಮ್ಮ ಕಾಲ ಮೇಲಿನ ಗೆರೆಗಳನ್ನು ನೋಡಿದರು, ಕೆಳಗಿನದರಿಂದ ಮೇಲಿನದರವರೆಗೆ. ಹನ್ನೊಂದು ಗಂಟೆಯ ಗೆರೆಯನ್ನೂ ಕೆಂಪು ದಾಟಿತ್ತು. ಆಮೇಲೆ ಹಿಂಬಾಗಿಲ ಕಡೆ ನೋಡಿದರು.

"ಆ ಬೂಟು ನೆನೆಯುತ್ತಿದೆ" ಎಂದರು. "ಬಲಗಾಲಿನದನ್ನು ಒಳಗಿಡಿ."

ಮೊದಲು ಬೂಟು ಒಳಗಿಟ್ಟೆ. ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದೆ. ನಿನ್ನೆಯ ಹುಡುಗಿಯೇ ಬಂದಳು. ಗೆರೆಗಳನ್ನು, ಅವುಗಳ ಪಕ್ಕ ಬರೆದ ಗಂಟೆಗಳನ್ನು ನೋಡಿ, ಇದು ಯಾರು ಮಾಡಿದ್ದು ಎಂದಳು. ಲೆನ್ ಸ್ಟ್ರೆಚರಿನಿಂದಲೇ ನನ್ನ ಕಡೆ ಹೆಬ್ಬೆರಳು ತೋರಿಸಿದರು.

ಅಂದೇ ಆಪರೇಷನ್ ಆಯಿತು. ಕಾಲು ಮಂಡಿಯ ಕೆಳಗೆ ಹೋಯಿತು. ಇನ್ನೊಂದು ರಾತ್ರಿ ಕಳೆದಿದ್ದರೆ ಮಾಡಲು ಏನೂ ಇರುತ್ತಿರಲಿಲ್ಲ ಎಂದು ಅಲ್ಲಿನವರು ಶ್ಯಾರನ್‌ಗೆ ಹೇಳಿದರಂತೆ. ಅವಳು ಆರು ವಾರ ಇದ್ದು, ಮೆಟ್ಟಿಲ ಜಾಗದಲ್ಲಿ ಇಳಿಜಾರು ಹಾಕಿಸಿ, ಅಪ್ಪನನ್ನು ಆ ಮನೆಗೇ ತಂದಳು. ಆಶ್ರಮದ ಮಾತು ಅವಳೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಅಲ್ಲೇ ಅವರು ಇನ್ನೂ ನಾಲ್ಕು ವರ್ಷ ಇದ್ದರು, ಅಲ್ಲೇ ಹೋದರು. ಆಗ ನಾನು ಮೈಸೂರಿನಲ್ಲಿದ್ದೆ. ರೂಪಾ ಫೋನ್ ಮಾಡಿ ಹೇಳಿದಳು.

ಆದರೆ ಆ ವರ್ಷ ನಾನು ಊರಿಗೆ ಹೊರಡುವ ಹಿಂದಿನ ದಿನ, ಎರಡಕ್ಕೆ ಹದಿನೈದು ನಿಮಿಷ ಇರುವಾಗ, ಬೇಲಿಯ ಗೂಟಕ್ಕೆ ಎರಡು ಸಲ ಬಡಿತ ಕೇಳಿತು. ಊರುಗೋಲಿನ ಸದ್ದು. ಶ್ಯಾರನ್ ಎಲ್ಲಿಂದಲೋ ಆ ಧಾರಾವಾಹಿಯ ಡಿ.ವಿ.ಡಿ. ತರಿಸಿ ಕಳಿಸಿದ್ದಳು. ನಾವು ಎರಡನೆಯ ಭಾಗ ಹಾಕಿ ನೋಡಿದೆವು. ರೂಪಾ ಹೇಳಿದ ಹಾಗೇ ಇತ್ತು. ಹಾರ್ಲನ್ ಬಿಡಲಿಲ್ಲ. ಬೆಳಗಾಯಿತು. ಶೆರಿಫ್ ಹ್ಯಾಟನ್ನು ಮುಖದ ಮೇಲೆ ಇಟ್ಟ. ಸಂಗೀತ ಏಳುತ್ತಿದ್ದ ಹಾಗೆ ಲೆನ್ ರಿಮೋಟು ಒತ್ತಿ ಚಿತ್ರವನ್ನು ಅಲ್ಲೇ ನಿಲ್ಲಿಸಿ, ನನ್ನ ಕಡೆ ತಿರುಗಿದರು.

"ಹೂಂ, ಮುಂದೆ ಹೇಳಿ ಸಿಸ್ಟರ್. ಇಲ್ಲಿ ನಿಲ್ಲಿಸುವ ಹಾಗಿಲ್ಲವಲ್ಲ."

ನಾನು ಹೆಣಿಗೆ ಕೆಳಗಿಟ್ಟೆ. ಆಗದ್ದನ್ನು ಆಯಿತೆಂದು ಬದುಕಿನಲ್ಲಿ ಮೊದಲ ಸಲ ಹೇಳಿದೆ.

"ಮಾರನೆಯ ಬೆಳಿಗ್ಗೆ ಒಬ್ಬ ಒಂಟಿ ಕಾಲಿನ ಮುದುಕ ಬಂದ. ಆಚೆ ದಡದಲ್ಲಿದ್ದ ಹಿಂಡನ್ನು ಈಚೆಗೆ ದಾಟಿಸಿದ."

"ಅಷ್ಟು ನೀರಿನಲ್ಲಿ? ಒಂದೂ ತೇಲಿಹೋಗಲಿಲ್ಲವೇ?"

"ಒಂದೂ ಇಲ್ಲ" ಎಂದೆ. "ನಾನು ಎಣಿಸಿದ್ದೇನೆ."

ಅವರು ಟಿ.ವಿ. ಆರಿಸಿದರು.